ವಕ್ಫ್ ಭೂಮಿಯಲ್ಲಿ ಬೆಳೆದ ವಿದ್ಯೆ: ಹಾಜಿ ಮುಹಮ್ಮದ್ ಮೊಹ್ಸಿನ್

ಸತ್ತ ಮೇಲೂ ನಿಲ್ಲದ ಪುಣ್ಯಕಾರ್ಯಕ್ಕೆ ಸದಕಾ ಜಾರಿಯಾ ಎನ್ನುತ್ತೇವೆ. ಬಂಗಾಳದ ಹಾಜಿ ಮುಹಮ್ಮದ್ ಮೊಹ್ಸಿನ್ ಅವರ ಬದುಕು ಇದಕ್ಕೊಂದು ಉತ್ತಮ ನಿದರ್ಶನ. ದಾನ ಕೊಟ್ಟ ಭೂಮಿಯನ್ನು ಕಾಯುವವರಿಲ್ಲದಿದ್ದರೆ ಏನಾಗುತ್ತದೆ ಎಂಬ ಪಾಠವೂ ಈ ಚರಿತ್ರೆಯಲ್ಲಿದೆ.

ಮೊಹ್ಸಿನ್ 1732ರಲ್ಲಿ ಹೂಗ್ಲಿಯಲ್ಲಿ ಜನಿಸಿದರು. ತಂದೆ ಹಾಜಿ ಫೈಝುಲ್ಲಾ, ತಾಯಿ ಝೈನಬ್ ಖಾನಂ. ತಾಯಿಯ ಮೊದಲ ಪತಿ ಆಗಾ ಮೊತಹರ್ ಅವರ ಮಗಳಾದ ಮನ್ನುಜಾನ್ ಇವರಿಗೆ ಅಕ್ಕ. ಅಕ್ಕ-ತಮ್ಮ ಒಂದೇ ಮನೆಯಲ್ಲಿ ಕಲಿತು ಬೆಳೆದರು. ಮೊಹ್ಸಿನ್‌ರಿಗೆ ಆಸ್ತಿಯ ಮೋಹವಿರಲಿಲ್ಲ. ಅವರು ಅರಬಸ್ಥಾನ, ಇರಾನ್ ಮುಂತಾದ ದೇಶಗಳನ್ನು ಹಲವು ವರ್ಷ ಸುತ್ತಿ ಹಜ್ ಪೂರೈಸಿದರು. ಮದುವೆಯಾಗದೆ ಸರಳವಾಗಿ ಬಾಳಿದರು. ಪವಿತ್ರ ಕುರ್‌ಆನಿನ ಪ್ರತಿಗಳನ್ನು ಅಂದವಾದ ಅಕ್ಷರಗಳಲ್ಲಿ ಕೈಯಾರೆ ಬರೆಯುತ್ತಿದ್ದರು.

ಇತ್ತ ವಿಧವೆಯಾಗಿದ್ದ ಮನ್ನುಜಾನ್ ಜೆಸ್ಸೋರ್ ಕಡೆಯ ವಿಶಾಲವಾದ ಸೈಯದ್‌ಪುರ ಜಮೀನ್ದಾರಿಯನ್ನು ದಕ್ಷತೆಯಿಂದ ನಡೆಸಿದರು. ಮಕ್ಕಳಿಲ್ಲದ ಅವರು 1803ರಲ್ಲಿ ನಿಧನರಾದಾಗ ಆಸ್ತಿಯೆಲ್ಲ ತಮ್ಮನ ಪಾಲಿಗೆ ಬಂತು. ಆಗ ಮೊಹ್ಸಿನ್‌ರಿಗೆ ಎಪ್ಪತ್ತು ದಾಟಿತ್ತು. 1806ರಲ್ಲಿ ಅವರು ಅದನ್ನು ಅಲ್ಲಾಹನ ಮಾರ್ಗದಲ್ಲಿ ವಕ್ಫ್ ಮಾಡಿದರು. ಆದಾಯವನ್ನು ಒಂಬತ್ತು ಪಾಲು ಮಾಡಿ, ಮೂರನ್ನು ಇಮಾಂಬಾಡಾ ಹಾಗೂ ಧಾರ್ಮಿಕ ಆಚರಣೆಗಳಿಗೆ, ನಾಲ್ಕನ್ನು ಸಂಬಳ, ಪಿಂಚಣಿ, ಸಹಾಯಧನಗಳಿಗೆ, ಎರಡನ್ನು ಇಬ್ಬರು ಮುತವಲ್ಲಿಗಳಿಗೆ ಗೊತ್ತುಪಡಿಸಿದರು. 1812ರಲ್ಲಿ ಅವರು ಇಹಲೋಕ ತ್ಯಜಿಸಿದರು.

ದಾನಿ ಕಣ್ಮರೆಯಾದ ಮೇಲೆ ಆಡಳಿತ ಹಳಿ ತಪ್ಪಿತು. ಮುತವಲ್ಲಿಗಳ ದುರಾಡಳಿತದ ಮೇಲೆ ದೂರುಗಳು ಬಂದು, ಸರಕಾರವು ವಕ್ಫನ್ನು ತನ್ನ ಕೈಗೆ ತೆಗೆದುಕೊಂಡಿತು. ಮೊಕದ್ದಮೆಗಳು ವರ್ಷಗಟ್ಟಲೆ ನಡೆದವು. ಅಷ್ಟರಲ್ಲಿ ಖರ್ಚಾಗದ ಹಣ ಕೂಡುತ್ತ ಹೋಗಿ ದೊಡ್ಡ ನಿಧಿಯಾಯಿತು. ಅದರಿಂದಲೇ 1836ರಲ್ಲಿ ಹೂಗ್ಲಿ ಕಾಲೇಜು ಆರಂಭವಾಯಿತು. 1841ರಲ್ಲಿ ಶುರುವಾದ ಗಡಿಯಾರ ಗೋಪುರದ ಭವ್ಯ ಇಮಾಂಬಾಡಾ 1861ರಲ್ಲಿ ಪೂರ್ಣಗೊಂಡಿತು.

ಕಾಲೇಜು ಬೇಗ ಹೆಸರು ಮಾಡಿತು. ಪ್ರಖ್ಯಾತ ಕಾದಂಬರಿಕಾರ ಬಂಕಿಮಚಂದ್ರರೂ ಅಲ್ಲಿಯೇ ಓದಿದರು. ಎಲ್ಲ ಧರ್ಮದವರಿಗೂ ವಿದ್ಯೆ ದೊರೆತದ್ದು ಹೆಮ್ಮೆಯ ಸಂಗತಿಯೇ. ಆದರೆ ಅಲ್ಲಿ ಮುಸ್ಲಿಂ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು ಮಾತ್ರ ಇದ್ದರು. ಬಡತನ, ಶುಲ್ಕದ ಹೊರೆ, ಇಂಗ್ಲಿಷ್ ಶಿಕ್ಷಣದ ಬಗೆಗಿನ ಅಳುಕು ಅವರನ್ನು ಹೊರಗೇ ಉಳಿಸಿದ್ದವು. ಸಮುದಾಯದ ಭೂಮಿಯ ಫಲ ಸಮುದಾಯದ ಬಡಮಕ್ಕಳಿಗೇ ಎಟುಕಲಿಲ್ಲ.

ನವಾಬ್ ಅಬ್ದುಲ್ ಲತೀಫರಂತಹ ನಾಯಕರು ಸುಮ್ಮನೆ ಕೂರಲಿಲ್ಲ. ಅವರು ಸರಕಾರದ ಮುಂದೆ ಮತ್ತೆ ಮತ್ತೆ ಅಹವಾಲು ಇಟ್ಟರು. ಕೊನೆಗೆ 1873ರಲ್ಲಿ ಕಾಲೇಜಿನ ವೆಚ್ಚವನ್ನು ಸರಕಾರವೇ ವಹಿಸಿಕೊಂಡು, ಮೊಹ್ಸಿನ್ ನಿಧಿಯನ್ನು ಮುಸ್ಲಿಮರ ಶಿಕ್ಷಣಕ್ಕೆ ಬಿಟ್ಟುಕೊಟ್ಟಿತು. ಮರುವರ್ಷ ಢಾಕಾ, ಚಿತ್ತಗಾಂಗ್, ರಾಜಶಾಹಿಗಳಲ್ಲಿ ಮದ್ರಸಗಳು ತೆರೆದವು. ಶಾಲಾ-ಕಾಲೇಜುಗಳ ಬಡ ವಿದ್ಯಾರ್ಥಿಗಳ ಶುಲ್ಕದ ಒಂದು ಭಾಗವನ್ನು ಈ ನಿಧಿ ಭರಿಸತೊಡಗಿತು. ಮನೆಯಲ್ಲಿ ಕಾಸಿಲ್ಲದ ಎಷ್ಟೋ ಹುಡುಗರು ಇದರಿಂದ ಓದು ಮುಂದುವರಿಸಿದರು. ಹೂಗ್ಲಿಯ ಕಾಲೇಜು ಇಂದಿಗೂ ಮೊಹ್ಸಿನ್‌ರ ಹೆಸರಿನಲ್ಲಿದೆ. ಚಿತ್ತಗಾಂಗ್‌ನ ಮದ್ರಸವೂ ಅವರ ಹೆಸರಿನ ಸರಕಾರಿ ಕಾಲೇಜಾಗಿ ಬೆಳೆದಿದೆ.

ಗೇಣಿ ತರುತ್ತಿದ್ದ ಹೊಲಗದ್ದೆ ಹೀಗೆ ಗ್ರಂಥಾಲಯವಾಯಿತು, ತರಗತಿಯಾಯಿತು, ವಿದ್ಯಾರ್ಥಿವೇತನವಾಯಿತು. ಇದಕ್ಕೆ ದಾನಿಯ ಔದಾರ್ಯವೊಂದೇ ಸಾಲಲಿಲ್ಲ. ಲೆಕ್ಕ ಕೇಳುವವರು ಬೇಕಾದರು, ಕಾಲದ ಅಗತ್ಯವನ್ನು ಅರಿತು ದಾರಿ ತೋರುವವರೂ ಬೇಕಾದರು. ವಕ್ಫ್ ಆಸ್ತಿ ನಮ್ಮೂರುಗಳಲ್ಲಿಯೂ ಇದೆ. ಅದರ ಆದಾಯವೆಷ್ಟು, ಅದರಿಂದ ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂದು ಸದಸ್ಯರು ವಿಚಾರಿಸಬೇಕು. ವೇತನ ಪಡೆದು ಓದುವ ವಿದ್ಯಾರ್ಥಿಗಳು, ತಾವು ದುಡಿಯತೊಡಗಿದ ದಿನ ಇನ್ನೊಬ್ಬ ಬಡ ಹುಡುಗನ ಅಥವಾ ಹುಡುಗಿಯ ಶುಲ್ಕ ಕಟ್ಟುವ ಸಂಕಲ್ಪ ಮಾಡಬೇಕು. ಹಾಜಿ ಮೊಹ್ಸಿನ್‌ರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ ಅದೇ.