ದೀಪಧಾರಿಣಿ ಕಲಿಸಿದ ಆರೈಕೆಯ ಭಾಷೆ

ಅತ್ತೆಯವರಿಗೆ ನಾಲ್ಕು ದಿನದಿಂದ ಜ್ವರ. ಹೇಗಿದ್ದಾರೆ ಅಂತ ಡಾಕ್ಟರ್ ಕೇಳುತ್ತಾರೆ. ಪರವಾಗಿಲ್ಲ ಡಾಕ್ಟ್ರೇ, ರಾತ್ರಿ ನಿದ್ದೆ ಸರಿಯಾಗಿ ಇಲ್ಲ, ಊಟಾನೂ ಅಷ್ಟಕ್ಕಷ್ಟೇ ಅಂತೀರಿ. ಜ್ವರ ಎಷ್ಟು ಡಿಗ್ರಿ ಇತ್ತು, ಯಾವ ಹೊತ್ತಿನಲ್ಲಿ ಏರಿತು, ಮೂತ್ರ ಎಷ್ಟು ಸಲ ಹೋಯಿತು ಎಂದು ಅವರು ಮರುಪ್ರಶ್ನೆ ಹಾಕಿದರೆ ಮಾತ್ರ ತಡವರಿಸುತ್ತೀರಿ. ಹಗಲೂ ರಾತ್ರಿ ಪಕ್ಕದಲ್ಲೇ ಇದ್ದವರು ನೀವು, ಆದರೂ ಉತ್ತರ ಹೊಳೆಯುವುದಿಲ್ಲ!

ಬೇಸರ ಮಾಡ್ಕೋಬೇಡಿ, ಇದು ಮನೆಮನೆಯ ಕಥೆ. ನೂರ ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಒಬ್ಬ ಮಹಿಳೆ ಇದನ್ನು ಗಮನಿಸಿ, ಮನೆಯಲ್ಲಿ ಆರೈಕೆ ಮಾಡುವ ಹೆಂಗಸರಿಗಾಗಿಯೇ ಒಂದು ಪುಸ್ತಕ ಬರೆದರು. ಅವರೇ ಫ್ಲಾರೆನ್ಸ್ ನೈಟಿಂಗೇಲ್. ಶಾಲೆಯಲ್ಲಿ ದೀಪಧಾರಿಣಿ ಎಂದು ಓದಿದ್ದೀರಲ್ಲ, ಅವರೇ. ಆದರೆ ಅವರ ದೊಡ್ಡ ಆಯುಧ ದೀಪವಲ್ಲ, ಲೆಕ್ಕದ ಪುಸ್ತಕ.

ಬಂಗಲೆಯಿಂದ ಆಸ್ಪತ್ರೆಗೆ

ಇಂಗ್ಲೆಂಡಿನ ಸಿರಿವಂತ ದಂಪತಿ ಇಟಲಿಯಲ್ಲಿದ್ದಾಗ, 1820ರ ಮೇ 12ರಂದು ಫ್ಲಾರೆನ್ಸ್ ನಗರದಲ್ಲಿ ಈಕೆ ಹುಟ್ಟಿದರು. ಊರಿನ ಹೆಸರೇ ಮಗಳ ಹೆಸರಾಯಿತು. ತಂದೆಯೇ ಗುರುವಾಗಿ ಭಾಷೆ, ಇತಿಹಾಸ, ತತ್ವಶಾಸ್ತ್ರ ಕಲಿಸಿದರು. ಗಣಿತವೆಂದರೆ ಆಕೆಗೆ ಪ್ರಾಣ. ಆದರೆ ಮನಸ್ಸು ಎಳೆಯುತ್ತಿದ್ದುದು ರೋಗಿಗಳ ಕಡೆಗೆ. ಆಗಿನ ಕಾಲಕ್ಕೆ ನರ್ಸ್ ಕೆಲಸವೆಂದರೆ ಮರ್ಯಾದಸ್ಥರು ಮೂಗು ಮುರಿಯುವ ಕೆಲಸ. 1845ರಲ್ಲಿ ಆಸ್ಪತ್ರೆಯಲ್ಲಿ ತರಬೇತಿ ಪಡೆಯುತ್ತೇನೆಂದಾಗ ಮನೆಯವರು ಸುತರಾಂ ಒಪ್ಪಲಿಲ್ಲ. ಆಕೆಯೂ ಹಟ ಬಿಡಲಿಲ್ಲ. ಒಳ್ಳೆಯ ವರ ಬಂದರೂ ಮದುವೆ ಬೇಡವೆಂದರು. ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ಥ್‌ನಲ್ಲಿ ಸುಮಾರು ಮೂರು ತಿಂಗಳು ಶುಶ್ರೂಷೆ ಕಲಿತೇಬಿಟ್ಟರು. ಆಗ ಆಕೆಗೆ 31 ವರ್ಷ. ವಯಸ್ಸಾಯ್ತು, ಇನ್ನೇನು ಕಲಿಯೋದು ಅನ್ನುವವರು ಇದನ್ನು ನೆನಪಿಡಿ!

ಲೆಕ್ಕ ಬಿಚ್ಚಿಟ್ಟ ಸತ್ಯ

ಕ್ರಿಮಿಯಾ ಯುದ್ಧ ನಡೆದಿತ್ತು. 38 ದಾದಿಯರ ಜೊತೆ ಫ್ಲಾರೆನ್ಸ್ 1854ರ ನವೆಂಬರ್ 4ರಂದು ಟರ್ಕಿಯ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದರು. ಎಲ್ಲಿ ನೋಡಿದರೂ ಕೊಳಕು, ಹೇನು, ದುರ್ವಾಸನೆ. ಸತ್ತವರ ಲೆಕ್ಕವೂ ನೆಟ್ಟಗಿರಲಿಲ್ಲ. ಬೇರೆ ಬೇರೆ ಪುಸ್ತಕಗಳಲ್ಲಿ ಬೇರೆ ಬೇರೆ ಸಂಖ್ಯೆ! ಫ್ಲಾರೆನ್ಸ್ ಅಡುಗೆಮನೆ, ಬಟ್ಟೆ ಒಗೆಯುವ ವ್ಯವಸ್ಥೆ ಎಲ್ಲ ಸರಿಪಡಿಸಿದರು. ರಾತ್ರಿ ದೀಪ ಹಿಡಿದು ವಾರ್ಡ್ ಸುತ್ತಿದರು. ಆದರೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ನೂರಕ್ಕೆ ಸುಮಾರು 42 ರೋಗಿಗಳು ಸಾಯುತ್ತಿದ್ದರು.

ಮಾರ್ಚ್‌ನಲ್ಲಿ ಸರ್ಕಾರ ಕಳುಹಿಸಿದ ನೈರ್ಮಲ್ಯ ತಂಡ ಬಂತು. ಕಟ್ಟಡದ ಕೆಳಗೆ ಕಟ್ಟಿಕೊಂಡಿದ್ದ ಚರಂಡಿ ತೊಳೆಸಿತು, ಗಾಳಿಯಾಡಲು ದಾರಿ ಮಾಡಿಸಿತು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡು-ಮೂರಕ್ಕೆ ಇಳಿಯಿತು. ಸೈನಿಕರು ಸಾಯುತ್ತಿರುವುದು ಹಸಿವು, ದಣಿವಿನಿಂದ ಎಂದು ಫ್ಲಾರೆನ್ಸ್ ಮೊದಲು ನಂಬಿದ್ದರು. 1856ರಲ್ಲಿ ಊರಿಗೆ ಮರಳಿ, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕೂತು ಲೆಕ್ಕ ಹಾಕಿದಾಗ ಕಣ್ಣು ತೆರೆಯಿತು. ಗಾಯಕ್ಕಿಂತ ಎಷ್ಟೋ ಪಾಲು ಹೆಚ್ಚು ಜನರನ್ನು ಕೊಂದಿದ್ದು ಕಾಲರಾ, ಟೈಫಸ್, ಆಮಶಂಕೆಯಂಥ ರೋಗಗಳು. ತನ್ನ ಕಣ್ಣೆದುರೇ ನಡೆದದ್ದು ತನಗೇ ಕಾಣಲಿಲ್ಲವಲ್ಲ! ಪ್ರೀತಿ, ಸೇವೆ ಎರಡೂ ಇದ್ದರೂ ಸಾಲದು, ಗಮನಿಸಿ ಬರೆದಿಡಬೇಕು ಎಂಬ ಪಾಠ ಅಲ್ಲಿಂದಲೇ ಗಟ್ಟಿಯಾಯಿತು.

ಹಾಸಿಗೆಯಿಂದಲೇ ಬರೆದ ಪುಸ್ತಕ

ಯುದ್ಧಭೂಮಿಯಲ್ಲಿ ತಗುಲಿದ ಜ್ವರ ಆಕೆಯ ಆರೋಗ್ಯ ಕೆಡಿಸಿತ್ತು. ಮುಂದೆ ಎಷ್ಟೋ ವರ್ಷ ಹೆಚ್ಚಾಗಿ ಕೋಣೆಯಲ್ಲೇ, ಹಾಸಿಗೆಯಲ್ಲೇ ಕಳೆದರು. ರೋಗಿಯ ಕಷ್ಟ ಮೈಗೆ ತಾಗಿದ್ದರಿಂದಲೋ ಏನೋ, 1859ರಲ್ಲಿ ಬರೆದ ನೋಟ್ಸ್ ಆನ್ ನರ್ಸಿಂಗ್ ಪುಸ್ತಕ ಇಂದಿಗೂ ಹಳತೆನಿಸುವುದಿಲ್ಲ. ರೋಗಿಯ ಕೋಣೆಗೆ ಗಾಳಿ, ಬೆಳಕು ಬರಲಿ, ಬಾಗಿಲ ಬಳಿ ಪಿಸುಗುಟ್ಟಬೇಡಿ, ಬರಿದೇ ಸಮಾಧಾನದ ಮಾತು ಹೇಳಬೇಡಿ ಎಂಬುದೆಲ್ಲ ಅಲ್ಲಿದೆ. ಎಲ್ಲಕ್ಕಿಂತ ಮುಖ್ಯವಾಗಿ, ನಿದ್ದೆ ಚೆನ್ನಾಗಿ ಬಂತಾ ಅಂತ ಕೇಳಬೇಡಿ, ಎಷ್ಟು ಗಂಟೆ ನಿದ್ದೆ, ಯಾವಾಗ ಎಚ್ಚರವಾಯಿತು ಅಂತ ಕೇಳಿ ಎನ್ನುತ್ತದೆ ಪುಸ್ತಕ. ಚೆನ್ನಾಗಿ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ, ಅಲ್ವಾ?

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ನರ್ಸಿಂಗ್ ಶಾಲೆ ಶುರುವಾಯಿತು. ಭಾರತಕ್ಕೆ ಒಮ್ಮೆಯೂ ಬರದಿದ್ದರೂ ಇಲ್ಲಿನ ದಂಡುಗಳ ವರದಿ ತರಿಸಿ ಓದಿ, ಬೆಂಗಳೂರಿನ ಹಲಸೂರು ಕೆರೆಗೆ ಬಜಾರಿನ ಹೊಲಸು ಸೇರುವುದನ್ನೂ 1863ರಲ್ಲಿ ಎತ್ತಿ ತೋರಿಸಿದರು!

ಈ ಪದಗಳು ಗೊತ್ತಿರಲಿ

ಆಕೆ ಕಲಿಸಿದ ಈ ಗಮನವನ್ನು ಇಂದು ಹೋಂ ನರ್ಸ್‌ಗಳಿಗೂ ಮೊದಲ ಪಾಠವಾಗಿ ಹೇಳಿಕೊಡುತ್ತಾರೆ. ನೀವೂ ಕಲಿಯಬಹುದು.

ವೈಟಲ್ಸ್: ಜ್ವರ, ನಾಡಿ, ಉಸಿರು, ಬಿ.ಪಿ. ಈ ನಾಲ್ಕರ ಒಟ್ಟು ಹೆಸರು.

ಟೆಂಪರೇಚರ್: ಮೈ ಮುಟ್ಟಿ ಹೇಳಬೇಡಿ, ಥರ್ಮಾಮೀಟರ್ ಇಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಜ್ವರ. ಸಮಯವನ್ನೂ ಬರೆಯಿರಿ.

ಪಲ್ಸ್: ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ವಿಶ್ರಾಂತಿಯಲ್ಲಿರುವ ವಯಸ್ಕರಿಗೆ 60ರಿಂದ 100 ಸಾಮಾನ್ಯ.

ರೆಸ್ಪಿರೇಷನ್: ಉಸಿರಿನ ಎಣಿಕೆ. ನಿಮಿಷಕ್ಕೆ 12ರಿಂದ 20. ಎಣಿಸುತ್ತಿದ್ದೀರೆಂದು ರೋಗಿಗೆ ಹೇಳಬೇಡಿ, ಉಸಿರಾಟ ಬದಲಾಗಿಬಿಡುತ್ತದೆ.

ಬಿ.ಪಿ.: ಮೇಲಿನ ಸಂಖ್ಯೆ ಸಿಸ್ಟಾಲಿಕ್, ಹೃದಯ ಕುಗ್ಗಿದಾಗಿನ ಒತ್ತಡ. ಕೆಳಗಿನದು ಡಯಾಸ್ಟಾಲಿಕ್, ಸಡಿಲವಾದಾಗಿನದು. ಎರಡನ್ನೂ ಹೇಳಿ.

ಇನ್‌ಟೇಕ್-ಔಟ್‌ಪುಟ್: ಕುಡಿದ ನೀರು, ಗಂಜಿ ಎಷ್ಟು ಲೋಟ, ಮೂತ್ರ ಎಷ್ಟು ಸಲ, ಬಣ್ಣ ಹೇಗಿತ್ತು ಎಂಬ ಲೆಕ್ಕ.

ಎಡಿಮಾ: ಕಾಲು ಬಾವು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತದೆಯೇ ನೋಡಿ.

ಬೆಡ್‌ಸೋರ್: ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣು. ತಾವಾಗಿ ಹೊರಳಲಾಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸೊಂಟ, ಹಿಮ್ಮಡಿ ಕೆಂಪಾಗಿದ್ದರೆ ಕೂಡಲೇ ತಿಳಿಸಿ.

ಔಷಧಿ ಚೀಟಿಯ ಗುಟ್ಟು: ಓ.ಡಿ. ಅಂದರೆ ದಿನಕ್ಕೊಮ್ಮೆ, ಬಿ.ಡಿ. ಎರಡು ಸಲ, ಟಿ.ಡಿ.ಎಸ್. ಮೂರು ಸಲ, ಎಚ್.ಎಸ್. ಮಲಗುವಾಗ, ಎಸ್.ಓ.ಎಸ್. ಅಗತ್ಯವಿದ್ದಾಗ ಮಾತ್ರ. ಅನುಮಾನ ಬಂದರೆ ಊಹಿಸಬೇಡಿ, ಕೇಳಿ.

ಒಂದು ಎಚ್ಚರಿಕೆ: ಉಸಿರಾಡಲು ಕಷ್ಟ, ಎದೆನೋವು, ಮಾತು ತೊದಲುವುದು, ಇದ್ದಕ್ಕಿದ್ದಂತೆ ಮಂಪರು ಕಂಡರೆ ಬರೆಯುತ್ತಾ ಕೂರಬೇಡಿ, ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ.

ಫ್ಲಾರೆನ್ಸ್ 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಆಕೆ ಹುಟ್ಟಿದ ಮೇ 12 ಇಂದು ವಿಶ್ವ ದಾದಿಯರ ದಿನ. ಮನೆಯಲ್ಲಿ ಆರೈಕೆ ಮಾಡುವ ನಿಮಗೆ ಯಾರೂ ಸಮವಸ್ತ್ರ ಕೊಡುವುದಿಲ್ಲ, ರಜೆಯಂತೂ ಇಲ್ಲವೇ ಇಲ್ಲ. ಆದರೆ ಡಾಕ್ಟರಿಗೆ ಕಾಣದ ಇಡೀ ರಾತ್ರಿಯನ್ನು ನೋಡಿರುವವರು ನೀವೊಬ್ಬರೇ. ಮಕ್ಕಳ ಹಳೇ ನೋಟ್‌ಬುಕ್‌ನಲ್ಲಿ ಖಾಲಿ ಹಾಳೆ ಇದ್ದೇ ಇರುತ್ತದಲ್ಲ? ಪೆನ್ಸಿಲ್ ಸಮೇತ ಅದನ್ನು ಇವತ್ತೇ ಅತ್ತೆಯವರ ದಿಂಬಿನ ಪಕ್ಕ ಇಟ್ಟುಬಿಡಿ.