ರಿವಾರ್ಡ್ ಬದಲಾದಾಗ ನೆನಪಾಗುವ ಬೆಲ್‌ಮನ್

ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ನಲ್ಲಿ ನಾವು ಒಂದು ಪುಟ್ಟ ಏಜೆಂಟ್‌ಗೆ ದಾರಿ ಹುಡುಕೋದನ್ನ ಕಲಿಸ್ತಿದ್ವಿ. ಎರಡು ದಿನ ಗ್ರಾಫ್ ಚೆನ್ನಾಗಿ ಮೇಲೇರಿತು. ಆದ್ರೆ ಏಜೆಂಟ್ ಗೋಡೆಗೆ ಡಿಕ್ಕಿ ಹೊಡೆಯೋದು ಮಾತ್ರ ನಿಲ್ಲಲಿಲ್ಲ. ಡಿಕ್ಕಿಯ ದಂಡವನ್ನ 1ರಿಂದ 10ಕ್ಕೆ ಏರಿಸಿ, ಟ್ರೇನಿಂಗ್ ಹಾಗೇ ಮುಂದುವರಿಸಿ, ಮೆಸ್‌ಗೆ ಊಟಕ್ಕೆ ಹೋದ್ವಿ. ಬಂದು ನೋಡಿದ್ರೆ ಗ್ರಾಫ್ ನೆಲ ಕಚ್ಚಿತ್ತು. ಕೋಡ್‌ನಲ್ಲಿ ತಪ್ಪಿರಲಿಲ್ಲ, ಡೆಮೊಗೆ ನಾಲ್ಕೇ ದಿನ ಇತ್ತು. ಕಾರಣ ಹುಡುಕ್ತಾ ಹೋದಾಗ ಎಲ್ಲಿ ನೋಡಿದರೂ ಒಂದೇ ಹೆಸರು: ಬೆಲ್‌ಮನ್. ಸಮೀಕರಣ ನಮಗೆ ಗೊತ್ತಿತ್ತು, ಮನುಷ್ಯ ಗೊತ್ತಿರಲಿಲ್ಲ.

ರಿಚರ್ಡ್ ಅರ್ನೆಸ್ಟ್ ಬೆಲ್‌ಮನ್ ಹುಟ್ಟಿದ್ದು 1920ರ ಆಗಸ್ಟ್ 26ರಂದು, ನ್ಯೂಯಾರ್ಕ್‌ನಲ್ಲಿ. ತಂದೆ ಬ್ರೂಕ್ಲಿನ್‌ನಲ್ಲಿ ಸಣ್ಣದೊಂದು ದಿನಸಿ ಅಂಗಡಿ ನಡೆಸುತ್ತಿದ್ದರು. 1941ರಲ್ಲಿ ಬ್ರೂಕ್ಲಿನ್ ಕಾಲೇಜಿನಿಂದ ಪದವಿ, 1943ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಎಂ.ಎ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಲಾಸ್ ಅಲಮೋಸ್‌ನಲ್ಲಿ ಕೆಲಸ. 1946ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಸಾಲೊಮನ್ ಲೆಫ್ಷೆಟ್ಜ್ ಅವರ ಕೈಕೆಳಗೆ ಪಿಎಚ್‌ಡಿ.

ಅವರ ಮೊದಲ ದಿನಗಳ ಕೆಲಸ ಡಿಫರೆನ್ಷಿಯಲ್ ಸಮೀಕರಣಗಳ ಸ್ಟೆಬಿಲಿಟಿ ಬಗ್ಗೆ. ಒಂದು ವ್ಯವಸ್ಥೆಯನ್ನು ಸ್ವಲ್ಪ ಅಲ್ಲಾಡಿಸಿದರೆ ಅದು ಮತ್ತೆ ಸಾವರಿಸಿಕೊಳ್ಳುತ್ತಾ ಅಥವಾ ದಿಕ್ಕೆಟ್ಟು ಹೋಗುತ್ತಾ ಅನ್ನೋ ಪ್ರಶ್ನೆ. 1953ರಲ್ಲಿ ಅದರ ಮೇಲೇ ಒಂದು ಪುಸ್ತಕ ಬರೆದರು. ನಮ್ಮ ಗ್ರಾಫ್ ಕೇಳ್ತಿದ್ದದ್ದೂ ಅದೇ ಪ್ರಶ್ನೆ.

ಅವರ ಪ್ರೀತಿಯ ವಿಷಯ ಮಾತ್ರ ಸಂಖ್ಯಾ ಸಿದ್ಧಾಂತದ ಶುದ್ಧ ಗಣಿತವಾಗಿತ್ತು. ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು 1949ರ ಬೇಸಿಗೆಯಲ್ಲಿ ರ್‍ಯಾಂಡ್ ಸಂಸ್ಥೆಗೆ ಹೋದರು. ಅಲ್ಲಿ ಸಿಕ್ಕಿದ್ದು ಹಂತಹಂತವಾಗಿ ನಿರ್ಧಾರ ತಗೊಳ್ಳೋ ಸಮಸ್ಯೆಗಳು. ಶುದ್ಧ ಗಣಿತದಲ್ಲೇ ಇದ್ದರೆ ಸಿಗುವ ಗೌರವ ಒಂದು ಕಡೆ, ಸಮಾಜದ ಸಮಸ್ಯೆಗೆ ಗಣಿತ ಬಳಸುವ ತೃಪ್ತಿ ಇನ್ನೊಂದು ಕಡೆ. ಅವರು ಎರಡನೆಯದನ್ನು ಆರಿಸಿಕೊಂಡು, 1952ರಲ್ಲಿ ಸ್ಟ್ಯಾನ್‌ಫರ್ಡ್ ಬಿಟ್ಟು ರ್‍ಯಾಂಡ್‌ಗೇ ಸೇರಿಬಿಟ್ಟರು.

ಆ ಕೆಲಸಕ್ಕೆ ಡೈನಮಿಕ್ ಪ್ರೋಗ್ರಾಮಿಂಗ್ ಅಂತ ಹೆಸರಿಟ್ಟ ಕಥೆಯನ್ನ ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ದುಡ್ಡು ಕೊಡುವ ರಕ್ಷಣಾ ಇಲಾಖೆಯ ಮೇಲಿನವರಿಗೆ ಸಂಶೋಧನೆ ಅನ್ನೋ ಪದ ಕೇಳಿದರೇ ಆಗ್ತಿರಲಿಲ್ಲವಂತೆ. ಹಾಗಾಗಿ ಯಾರೂ ಆಕ್ಷೇಪಿಸಲಾಗದ ಹೆಸರು ಹುಡುಕಿದರು. ಬಹುಮಾನ ಕೊಡುವವರ ರುಚಿಗೆ ತಕ್ಕಂತೆ ಹೆಸರು ಬದಲಾಯಿತು, ಹೋಗುವ ದಾರಿ ಬದಲಾಗಲಿಲ್ಲ.

1957ರಲ್ಲಿ ಡೈನಮಿಕ್ ಪ್ರೋಗ್ರಾಮಿಂಗ್ ಪುಸ್ತಕ ಬಂತು. ಅದರ ತಿರುಳು ಇಷ್ಟೇ: ಈಗಿರೋ ಸ್ಥಿತಿಯ ಬೆಲೆ ಅಂದ್ರೆ ಈಗ ಸಿಗೋ ರಿವಾರ್ಡ್, ಜೊತೆಗೆ ಮುಂದಿನ ಸ್ಥಿತಿಯ ಬೆಲೆ. ಇವತ್ತು ನಾವು ಆ ಮುಂದಿನ ಬೆಲೆಯನ್ನ ಗ್ಯಾಮಾದಿಂದ ಗುಣಿಸ್ತೀವಿ. ಗ್ಯಾಮಾ 1ಕ್ಕಿಂತ ಕಡಿಮೆ ಇದ್ದರೆ, ಟೇಬಲ್‌ನಲ್ಲಿ ಲೆಕ್ಕ ಮಾಡುವಾಗ ಪ್ರತಿ ಸುತ್ತಿಗೂ ತಪ್ಪು ಕುಗ್ಗುತ್ತೆ. ಎಲ್ಲಿಂದ ಶುರು ಮಾಡಿದ್ರೂ ಒಂದೇ ಉತ್ತರಕ್ಕೆ ಬಂದು ನಿಲ್ತೀವಿ. ಆದ್ರೆ ಇದಕ್ಕೊಂದು ಷರತ್ತಿದೆ, ಸುತ್ತುಗಳ ನಡುವೆ ರಿವಾರ್ಡ್ ಕದಲಬಾರದು.

ನಾವು ಕದಲಿಸಿದ್ವಿ. ಪ್ರತಿ ಹೆಜ್ಜೆಯ ರಿವಾರ್ಡ್ ಹೆಚ್ಚೆಂದರೆ ಇಷ್ಟು ಬದಲಾಗುತ್ತೆ ಅಂದ್ರೆ, ಬೆಲೆ ಅದನ್ನು 1 ಮೈನಸ್ ಗ್ಯಾಮಾದಿಂದ ಭಾಗಿಸಿದಷ್ಟು ಬದಲಾಗಬಹುದು. ನಮ್ಮ ಗ್ಯಾಮಾ 0.99. ಅಂದ್ರೆ 9ರ ಬದಲಾವಣೆ, ತೀರಾ ಕೆಟ್ಟ ಸಂದರ್ಭದಲ್ಲಿ, 900ರವರೆಗೆ ಹಿಗ್ಗಬಹುದು! ಅದರ ಮೇಲೆ ರೀಪ್ಲೇ ಬಫರ್‌ನಲ್ಲಿ ಹಳೇ ದಂಡದ ಲೆಕ್ಕ ಹಾಗೇ ಕೂತಿತ್ತು. ಸ್ಕೀಮ್ ಬದಲಾದ ಮೇಲೂ ಸೀನಿಯರ್ಸ್ ಕೊಟ್ಟ ಹಳೇ ಪ್ರಶ್ನೆಪತ್ರಿಕೆ ನೋಡ್ಕೊಂಡು ಓದಿದ ಹಾಗೆ. ಟೇಬಲ್ ಆಗಿದ್ದರೆ ನಿಧಾನಕ್ಕೆ ಸರಿಹೋಗ್ತಿತ್ತೋ ಏನೋ. ನ್ಯೂರಲ್ ನೆಟ್‌ವರ್ಕ್‌ನಲ್ಲಿ ಒಂದು ಕಡೆ ತಿದ್ದಿದ್ರೆ ಇನ್ನೊಂದು ಕಡೆ ಕೆಡುತ್ತೆ.

ಎಲ್ಲಾ ಅಳಿಸಿ ಮೊದಲಿಂದ ಶುರು ಮಾಡೋಣ ಅಂತ ನಮ್ಮಲ್ಲಿ ಅರ್ಧ ಜನ ಹೇಳಿದ್ರು. ಆದ್ರೆ ಬೆಲ್‌ಮನ್ ಸಮೀಕರಣವನ್ನ ಬಿಡಿಸಿ ನೋಡಿದ್ರೆ ರಿವಾರ್ಡ್ ಬೇರೆ, ಚಲನೆ ಬೇರೆ. ಬದಲಾಗಿದ್ದು ದಂಡ ಮಾತ್ರ. ಯಾವ ಹೆಜ್ಜೆ ಇಟ್ಟರೆ ಎಲ್ಲಿಗೆ ಹೋಗ್ತೀವಿ ಅನ್ನೋದು ಹಾಗೇ ಇತ್ತು. ಆದ್ದರಿಂದ ಬಫರ್‌ನ ಹಳೇ ಅನುಭವಗಳನ್ನ ಇಟ್ಟುಕೊಂಡು, ಅವುಗಳ ರಿವಾರ್ಡ್ ಅಷ್ಟನ್ನೇ ಹೊಸ ಲೆಕ್ಕದಲ್ಲಿ ಬರೆದ್ವಿ. ದಂಡವನ್ನ ಒಂದೇ ಸಲ 10 ಮಾಡದೆ 2, 4, 6 ಅಂತ ಏರಿಸಿದ್ವಿ. ಟಾರ್ಗೆಟ್ ನೆಟ್‌ವರ್ಕ್ ನಿಧಾನವಾಗಿ ಬದಲಾಗೋ ಹಾಗೆ ನೋಡಿಕೊಂಡ್ವಿ. ಹಳೇ ಅಭ್ಯಾಸಕ್ಕೇ ಅಂಟಿಕೊಳ್ಳದಿರಲಿ ಅಂತ ಎಕ್ಸ್‌ಪ್ಲೊರೇಶನ್ ಕೊಂಚ ಹೆಚ್ಚಿಸಿದ್ವಿ. ರಿವಾರ್ಡನ್ನ ಮೈನಸ್ 1ರಿಂದ 1ರ ಒಳಗೆ ಕತ್ತರಿಸೋ ಉಪಾಯವೂ ಇದೆ, ಅಟಾರಿ ಆಟಗಳ ಡಿಕ್ಯೂಎನ್‌ನಲ್ಲಿ ಹಾಗೇ ಮಾಡಿದ್ದರು. ಆದ್ರೆ ಹಾಗೆ ಕತ್ತರಿಸಿದ್ರೆ ದೊಡ್ಡ ತಪ್ಪು, ಸಣ್ಣ ತಪ್ಪು ಎರಡೂ ಒಂದೇ ಆಗಿಬಿಡುತ್ತೆ. ನಮಗೆ ಆ ವ್ಯತ್ಯಾಸವೇ ಬೇಕಿತ್ತು, ಅದಕ್ಕೆ ಬಿಟ್ವಿ.

ಬೆಲ್‌ಮನ್ ಅವರ ಬದುಕಿನ ಕೊನೆಯ ಭಾಗ ಓದಿದ್ದು ಆ ರಾತ್ರಿ, ಟ್ರೇನಿಂಗ್ ಓಡ್ತಿದ್ದಾಗ. 1965ರಲ್ಲಿ ಅವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಗಣಿತ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ವೈದ್ಯಕೀಯ ಮೂರಕ್ಕೂ ಪ್ರಾಧ್ಯಾಪಕರಾಗಿ ಹೋದರು. 1973ರಲ್ಲಿ ಮೆದುಳಿನಲ್ಲಿ ಗೆಡ್ಡೆ ಕಾಣಿಸಿತು. ಶಸ್ತ್ರಚಿಕಿತ್ಸೆಯಿಂದ ಗೆಡ್ಡೆ ಹೋಯಿತು, ಆದರೆ ನಂತರದ ತೊಡಕುಗಳಿಂದ ದೇಹ ತೀವ್ರವಾಗಿ ಊನವಾಯಿತು. ಆಗ ಅವರಿಗೆ 53ರ ಆಸುಪಾಸು. ಅವರು ಕೆಲಸ ನಿಲ್ಲಿಸಲಿಲ್ಲ, ಬರೆಯುತ್ತಲೇ ಹೋದರು. 1979ರಲ್ಲಿ ಐಟ್ರಿಪಲ್‌ಇ ಮೆಡಲ್ ಆಫ್ ಆನರ್ ಬಂತು. 1984ರ ಮಾರ್ಚ್ 19ರಂದು ತೀರಿಕೊಂಡಾಗ ಅವರ ಹೆಸರಿನಲ್ಲಿ 600ಕ್ಕೂ ಹೆಚ್ಚು ಪ್ರಬಂಧಗಳಿದ್ದವು, ಸುಮಾರು 40 ಪುಸ್ತಕಗಳಿದ್ದವು.

ಅವರ ಆಪ್ಟಿಮಾಲಿಟಿ ತತ್ವ ಹೇಳೋದು ಇದನ್ನೇ: ಇಲ್ಲಿಗೆ ಹೇಗೆ ಬಂದ್ರಿ ಅನ್ನೋದು ಮುಗಿದ ಮಾತು, ಉಳಿದ ನಿರ್ಧಾರಗಳು ಈಗಿರೋ ಸ್ಥಿತಿಯಿಂದ ಅತ್ಯುತ್ತಮವಾಗಿರಬೇಕು. ಪರೀಕ್ಷೆಗೆ ಎರಡು ಅಂಕಕ್ಕೆ ಬರೆದು ಮರೆತಿದ್ದ ಸಾಲು ಇದು. 1973ರ ನಂತರದ ಅವರ 11 ವರ್ಷ ಓದಿದ ಮೇಲೆ ಅದು ನಮಗೆ ಬೇರೆ ಥರಾ ಅರ್ಥ ಆಯ್ತು.

ಮೂರನೇ ದಿನ ಗ್ರಾಫ್ ಮತ್ತೆ ಮೇಲೇಳೋಕೆ ಶುರುವಾಯ್ತು, ನಿಧಾನಕ್ಕೆ. ಡೆಮೊ ದಿನ ಏಜೆಂಟ್ ಒಂದೇ ಒಂದು ಸಲ ಗೋಡೆಗೆ ತಾಗಿತು. ನಿಮ್ಮ ಪ್ರಾಜೆಕ್ಟ್‌ನಲ್ಲೂ ರಿವಾರ್ಡ್ ಬದಲಾಯಿಸೋ ಸಂದರ್ಭ ಬಂದರೆ, ರನ್ ಬಟನ್ ಒತ್ತೋ ಮುಂಚೆ ಬಫರ್ ಒಮ್ಮೆ ನೋಡಿ. ಆಮೇಲೆ ಊಟಕ್ಕೆ ಹೋಗಿ.