ನಮ್ಮ ವಯಸ್ಸಿನ ಮೋಹನದಾಸ

ಈ ಸಲದ ಗೋಡೆ ಪತ್ರಿಕೆಗೆ ನಾನು ಮಹಾತ್ಮ ಗಾಂಧೀಜಿಯವರ ಜೀವನದ ಬಗ್ಗೆ ಬರೆಯುತ್ತಿದ್ದೇನೆ. ಗಾಂಧೀಜಿ ಅಂದ ಕೂಡಲೇ ನಮಗೆ ಕನ್ನಡಕ, ಕೋಲು, ಚರಕ, ಉಪ್ಪಿನ ಸತ್ಯಾಗ್ರಹ ನೆನಪಾಗುತ್ತದೆ. ಅದೆಲ್ಲ ನಮ್ಮ ಪಾಠದಲ್ಲೇ ಇದೆ. ಆದರೆ ನಮ್ಮ ವಯಸ್ಸಿನಲ್ಲಿ ಅವರು ಹೇಗಿದ್ದರು ಅಂತ ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದನ್ನು ಓದಿದ ಮೇಲೆ ನಿಮಗೂ ಹೇಳಬೇಕು ಅನ್ನಿಸಿತು.

ಗಾಂಧೀಜಿಯವರು 1869ನೇ ಇಸವಿ ಅಕ್ಟೋಬರ್ 2ರಂದು ಗುಜರಾತಿನ ಪೋರಬಂದರಿನಲ್ಲಿ ಹುಟ್ಟಿದರು. ತಂದೆ ಕರಮಚಂದ ಗಾಂಧಿ, ತಾಯಿ ಪುತಲೀಬಾಯಿ. ತಂದೆ ಮೊದಲು ಪೋರಬಂದರಿನಲ್ಲಿ, ಆಮೇಲೆ ರಾಜಕೋಟೆಯಲ್ಲಿ ದಿವಾನರಾಗಿದ್ದರು. ದಿವಾನರ ಮಗ ಅಂದರೆ ಧೈರ್ಯವಂತ ಅಂದುಕೊಂಡರೆ ಅದು ಸುಳ್ಳು. ಮೋಹನದಾಸ ಬಹಳ ಪುಕ್ಕಲ. ಕತ್ತಲೆ ಅಂದರೆ ಭಯ, ಕಳ್ಳರು ಅಂದರೆ ಭಯ, ದೆವ್ವ, ಹಾವು ಅಂದರೂ ಭಯ. ಶಾಲೆ ಬಿಟ್ಟ ಕೂಡಲೇ ಯಾರಾದರೂ ಮಾತಾಡಿಸಿಬಿಟ್ಟಾರು ಅಂತ ಮನೆಗೆ ಓಡಿಬಿಡುತ್ತಿದ್ದನಂತೆ. (ಅವರು ಹುಡುಗನಾಗಿದ್ದಾಗಿನ ಕಥೆ ಆದ್ದರಿಂದ ಏಕವಚನದಲ್ಲಿ ಬರೆದಿದ್ದೇನೆ, ಗುರುಗಳು ತಪ್ಪು ತಿಳಿಯಬಾರದು.)

ಹೈಸ್ಕೂಲಿಗೆ ಸೇರಿದ ಮೊದಲ ವರ್ಷ ಶಾಲೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಮಕ್ಕಳಿಗೆ ಐದು ಇಂಗ್ಲಿಷ್ ಪದ ಬರೆಯಲು ಹೇಳಿದರು. ಅದರಲ್ಲಿ ಕೆಟಲ್ ಎಂಬ ಪದವನ್ನು ಮೋಹನದಾಸ ತಪ್ಪಾಗಿ ಬರೆದ. ಅವನ ಮೇಷ್ಟ್ರು ಬೂಟಿನ ತುದಿಯಿಂದ ಮುಟ್ಟಿ, ಪಕ್ಕದವನ ಸ್ಲೇಟು ನೋಡಿ ಬರಿ ಅಂತ ಸೂಚನೆ ಕೊಟ್ಟರು. ಅವನಿಗೆ ಅದು ಅರ್ಥವೇ ಆಗಲಿಲ್ಲ. ಮೇಷ್ಟ್ರು ಇರುವುದೇ ಯಾರೂ ಕಾಪಿ ಹೊಡೆಯದ ಹಾಗೆ ನೋಡಿಕೊಳ್ಳೋದಕ್ಕೆ ಅಂತ ಅವನು ತಿಳಿದಿದ್ದ. ಕೊನೆಗೆ ಎಲ್ಲರದೂ ಸರಿ, ಅವನದೊಂದೇ ತಪ್ಪು. ಆದರೂ ಆ ಮೇಷ್ಟ್ರ ಮೇಲಿನ ಗೌರವ ಅವನಿಗೆ ಕಡಿಮೆಯಾಗಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ನಾವು ಇದನ್ನು ನೆನಪಿಟ್ಟುಕೊಳ್ಳಬೇಕು.

ಹದಿಮೂರನೇ ವಯಸ್ಸಿಗೆ ಮೋಹನದಾಸನಿಗೆ ಮದುವೆ ಮಾಡಿದರು. ನನಗೂ ಈಗ ಹದಿಮೂರೇ! ಹುಡುಗಿ ಕಸ್ತೂರಬಾ, ಅವಳದೂ ಹೆಚ್ಚುಕಡಿಮೆ ಅದೇ ವಯಸ್ಸು. ಅವನ ಅಣ್ಣನದು, ದೊಡ್ಡಪ್ಪ ಚಿಕ್ಕಪ್ಪನ ಕಡೆಯ ಒಬ್ಬ ಹುಡುಗನದು, ಇವನದು ಮೂರೂ ಮದುವೆಯನ್ನು ಒಟ್ಟಿಗೇ ಮಾಡಿದರು. ಖರ್ಚು ಉಳಿಯುತ್ತದಲ್ಲ ಅಂತ. ಮಕ್ಕಳಿಗೆ ಬೇಕೋ ಬೇಡವೋ ಅಂತ ಯಾರೂ ಕೇಳಲಿಲ್ಲ. ಹೊಸ ಬಟ್ಟೆ, ವಾಲಗ, ಒಳ್ಳೆ ಊಟ, ಆಟಕ್ಕೆ ಜೊತೆ ಸಿಕ್ಕಿತು ಅನ್ನೋದಷ್ಟೇ ಅವನಿಗೆ ತಿಳಿದದ್ದು. ಮದುವೆಯಿಂದ ಅವನ ಓದು ಒಂದು ವರ್ಷ ಹಾಳಾಯಿತು. ಆಮೇಲೆ ಒಂದು ತರಗತಿ ಹಾರಿ ಅದನ್ನು ತುಂಬಿಕೊಂಡ. ಆದರೆ ಕಸ್ತೂರಬಾಗೆ ಓದು ಬರಹವೇ ಬರುತ್ತಿರಲಿಲ್ಲ. ಅವಳಿಗೆ ಹಾರೋದಕ್ಕೆ ತರಗತಿಯೇ ಇರಲಿಲ್ಲ. ಇದನ್ನು ಓದಿದಾಗ ನನಗೆ ಬಹಳ ಹೊತ್ತು ಬೇರೆ ಏನೂ ಓದಲು ಮನಸ್ಸಾಗಲಿಲ್ಲ.

ಇದು ಹುಡುಗರು ಮಾಡಿದ ತಪ್ಪಲ್ಲ, ದೊಡ್ಡವರು ಮಾಡಿದ್ದು. ಗಾಂಧೀಜಿಯವರು ತಂದೆಯ ಮೇಲೆ ಅಷ್ಟು ಭಕ್ತಿ ಇದ್ದರೂ ಈ ಮದುವೆ ಸರಿಯಲ್ಲ ಅಂತ ದೊಡ್ಡವರಾದ ಮೇಲೆ ಸ್ಪಷ್ಟವಾಗಿ ಬರೆದಿದ್ದಾರೆ.

ಆ ಕಾಲದಲ್ಲೇ ಮೋಹನದಾಸನಿಗೆ ಒಬ್ಬ ಗೆಳೆಯ ಸಿಕ್ಕಿದ. ವಯಸ್ಸಿನಲ್ಲಿ ದೊಡ್ಡವನು, ಗಟ್ಟಿಮುಟ್ಟು ಆಳು, ಹಾವನ್ನು ಕೈಯಲ್ಲಿ ಹಿಡಿಯುತ್ತೇನೆ ಅನ್ನುತ್ತಿದ್ದ. ಇವನಂಥವರ ಸಹವಾಸ ಬೇಡ ಅಂತ ತಾಯಿ ಹೇಳಿದರು, ಅಣ್ಣ ಹೇಳಿದ, ಹೆಂಡತಿಯೂ ಹೇಳಿದಳು. ಮೋಹನದಾಸ ಕೇಳಲಿಲ್ಲ. ನಾನೇ ಅವನನ್ನು ಸರಿಮಾಡುತ್ತೇನೆ ಅಂದ. ಇಂಗ್ಲಿಷರು ಮಾಂಸ ತಿಂದು ಬಲಶಾಲಿಗಳಾಗಿ ನಮ್ಮನ್ನು ಆಳುತ್ತಿದ್ದಾರೆ, ನೀನೂ ತಿನ್ನು ಅಂತ ಗೆಳೆಯ ದಿನಾ ತಲೆಗೆ ತುಂಬಿದ. ಹೊಳೆದಂಡೆಯಲ್ಲಿ ಯಾರೂ ಇಲ್ಲದ ಜಾಗದಲ್ಲಿ ಮೋಹನದಾಸ ಮೊದಲ ಸಲ ಮೇಕೆ ಮಾಂಸ ತಿಂದ. ಆ ರಾತ್ರಿ ಹೊಟ್ಟೆಯೊಳಗೆ ಮೇಕೆ ಅರಚಿದ ಹಾಗಾಗಿ ನಿದ್ದೆಯೇ ಬರಲಿಲ್ಲ.

ಹೀಗೆ ಸುಮಾರು ಒಂದು ವರ್ಷದಲ್ಲಿ ಐದಾರು ಸಲ ಆಯಿತು. ತಿಂದು ಬಂದ ದಿನ ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. ತಾಯಿ ಕೇಳಿದರೆ ಹಸಿವಿಲ್ಲ ಅಂತ ಸುಳ್ಳು ಹೇಳುತ್ತಿದ್ದ. ನಮ್ಮ ಊರಲ್ಲಿ ಮಾಂಸ ಅನೇಕರ ಮನೆಯ ಊಟ, ಅದರಲ್ಲಿ ತಪ್ಪೇನೂ ಇಲ್ಲ. ಅವರ ಮನೆಯವರು ವೈಷ್ಣವರು, ಅವರಿಗೆ ಗೊತ್ತಾದರೆ ಎದೆಯೊಡೆಯುತ್ತದೆ. ತಾಯಿಯ ಮುಖ ನೋಡಿ ಸುಳ್ಳು ಹೇಳೋದು ಅವನಿಗೆ ತಡೆಯಲಾಗಲಿಲ್ಲ. ಅದಕ್ಕೇ ಬಿಟ್ಟುಬಿಟ್ಟ.

ಬೀಡಿ ಸಿಗರೇಟಿನ ಕಥೆಯೂ ಇದೆ. ಅವನು ಮತ್ತು ನೆಂಟರ ಹುಡುಗನೊಬ್ಬ ಸೇರಿ ಚಿಕ್ಕಪ್ಪ ಸೇದಿ ಬಿಸಾಡಿದ ತುಂಡುಗಳನ್ನು ಆರಿಸಿ ಸೇದುತ್ತಿದ್ದರು. ಅದು ಸಾಲದೆ ಆಳಿನ ಕಾಸನ್ನು ಕದ್ದರು. ಇಂದು ಬೀಡಿಯ ಜಾಗಕ್ಕೆ ಗುಟ್ಕಾ ಬಂದಿದೆ, ಅಷ್ಟೇ ವ್ಯತ್ಯಾಸ.

ಹದಿನೈದನೇ ವಯಸ್ಸಿನಲ್ಲಿ ಇದಕ್ಕಿಂತ ದೊಡ್ಡದು ನಡೆಯಿತು. ಅಣ್ಣ ಇಪ್ಪತ್ತೈದು ರೂಪಾಯಿ ಸಾಲ ಮಾಡಿಕೊಂಡಿದ್ದ. ಅಣ್ಣನ ತೋಳಿನಲ್ಲಿ ಚಿನ್ನದ ಕಡಗ ಇತ್ತು. ಅದರಿಂದ ಒಂದು ಚೂರು ಕತ್ತರಿಸಿ ಸಾಲ ತೀರಿಸಿದರು. ಯಾರಿಗೂ ಗೊತ್ತಾಗಲಿಲ್ಲ. ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಮೋಹನದಾಸನಿಗೆ ಮನಸ್ಸು ನಿಲ್ಲಲಿಲ್ಲ. ತಂದೆಗೆ ಹೇಳಲು ಬಾಯಿ ಬರಲಿಲ್ಲ. ಹೊಡೆಯುತ್ತಾರೆ ಅಂತಲ್ಲ, ತಂದೆ ಯಾವ ಮಗನಿಗೂ ಹೊಡೆದವರಲ್ಲ. ಅವರು ಎಷ್ಟು ನೊಂದುಕೊಳ್ಳುತ್ತಾರೋ ಅಂತ ಭಯ. ಕೊನೆಗೆ ಒಂದು ಚೀಟಿ ಬರೆದ. ಸಾಲ ಅಣ್ಣನದು, ಕಡಗವೂ ಅಣ್ಣನದು. ಆದರೂ ತಪ್ಪು ನನ್ನದು ಅಂತ ಬರೆದ, ತಕ್ಕ ಶಿಕ್ಷೆ ಕೊಡಿ ಅಂತ ಕೇಳಿದ, ಇನ್ನೆಂದೂ ಕದಿಯುವುದಿಲ್ಲ ಅಂತ ಮಾತು ಕೊಟ್ಟ.

ತಂದೆ ಕಾಯಿಲೆಯಿಂದ ಹಲಗೆಯ ಮೇಲೆ ಮಲಗಿದ್ದರು. ಮೋಹನದಾಸ ನಡುಗುತ್ತಾ ಚೀಟಿ ಕೊಟ್ಟು ಎದುರಿಗೆ ಕುಳಿತ. ತಂದೆ ಎದ್ದು ಕುಳಿತು ಓದಿದರು. ಅವರ ಕಣ್ಣೀರು ಉದುರಿ ಕಾಗದ ಒದ್ದೆಯಾಯಿತು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು, ಚೀಟಿ ಹರಿದು ಹಾಕಿದರು, ಮತ್ತೆ ಮಲಗಿದರು. ಒಂದೂ ಮಾತಾಡಲಿಲ್ಲ. ಮಗನೂ ಅತ್ತ. 1885ರಲ್ಲಿ ತಂದೆ ತೀರಿಕೊಂಡರು.

ಮೂರು ವರ್ಷ ಕಳೆದು, 1888ರಲ್ಲಿ ಮೋಹನದಾಸ ಬ್ಯಾರಿಸ್ಟರ್ ಓದಲು ಇಂಗ್ಲೆಂಡಿಗೆ ಹೊರಟಾಗ ಜಾತಿಯ ಯಜಮಾನರು ಅಡ್ಡ ಬಂದರು. ಸಮುದ್ರ ದಾಟಿದರೆ ಜಾತಿಯಿಂದ ಹೊರಕ್ಕೆ, ಇವನನ್ನು ಕಳಿಸಿಕೊಡಲು ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ ಅಂತ ಹೇಳಿದರು. ಪುಕ್ಕಲ ಹುಡುಗ ಈಗ ಹೆದರಲಿಲ್ಲ. ಮದ್ಯ, ಮಾಂಸ ಮುಟ್ಟುವುದಿಲ್ಲ, ಪರಸ್ತ್ರೀ ಸಹವಾಸ ಮಾಡುವುದಿಲ್ಲ ಅಂತ ತಾಯಿಗೆ ಆಣೆ ಮಾಡಿ ಹೊರಟ. ಲಂಡನ್ನಿನಲ್ಲೂ ಮಾಂಸ ತಿನ್ನು ಅಂತ ಸ್ನೇಹಿತರು ಒತ್ತಾಯ ಮಾಡಿದರು. ಅವನು ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದು ಸಸ್ಯಾಹಾರದ ಹೋಟೆಲು ಹುಡುಕಿದ. ಊರಲ್ಲಿ ಒಬ್ಬನ ಮಾತಿಗೆ ಬಿದ್ದವನು ಅಲ್ಲಿ ಎಲ್ಲರ ಮಾತಿಗೂ ಬೀಳಲಿಲ್ಲ.

ಮುಂದೆ ಅವರು ದಕ್ಷಿಣ ಆಫ್ರಿಕಾದಲ್ಲಿ ಹೋರಾಡಿ 1915ರಲ್ಲಿ ಭಾರತಕ್ಕೆ ಬಂದು ದೇಶದ ನಾಯಕರಾದರು. 1922ರಲ್ಲಿ ಚೌರಿಚೌರಾ ಎಂಬಲ್ಲಿ ಚಳವಳಿಯ ಜನ ಪೊಲೀಸ್ ಠಾಣೆಗೆ ಬೆಂಕಿ ಹಚ್ಚಿದರು, ಪೊಲೀಸರು ಸತ್ತರು. ಗಾಂಧೀಜಿಯವರು ಅಲ್ಲಿ ಇರಲೇ ಇಲ್ಲ. ಆದರೂ ಜನರನ್ನು ಕರೆದವನು ನಾನು, ಹೊಣೆಯೂ ನನ್ನದೇ ಅಂತ ಐದು ದಿನ ಉಪವಾಸ ಮಾಡಿದರು, ಚಳವಳಿ ನಿಲ್ಲಿಸಿದರು. ಅದೇ ವರ್ಷ ಜೈಲಿಗೆ ಹೋದರು. 1924ರಲ್ಲಿ ಬಿಡುಗಡೆಯಾಗಿ ಅದೇ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾದರು. ಅವರು ಅಧ್ಯಕ್ಷರಾದದ್ದು ಅದೊಂದೇ ಅಧಿವೇಶನಕ್ಕೆ. 1948ರ ಜನವರಿ 30ರಂದು ಗುಂಡೇಟಿಗೆ ಬಲಿಯಾದರು.

ಸಂಗದೋಷದಿಂದ ಸನ್ಯಾಸಿ ಕೆಟ್ಟ ಅಂತ ಗಾದೆ ಇದೆ. ನಮ್ಮ ಮನೆಗಳಲ್ಲೂ ಹುಡುಗರು ಕೆಟ್ಟರೆ ಸಹವಾಸದ ಮೇಲೆ ಹಾಕುತ್ತಾರೆ, ನಾವೂ ಅವನು ಕರೆದ, ಇವನು ಹೇಳಿಕೊಟ್ಟ ಅಂತ ತಪ್ಪಿಸಿಕೊಳ್ಳುತ್ತೇವೆ. ಗೆಳೆಯರ ಒತ್ತಾಯ ಇರೋದು ನಿಜ. ಗುಂಪಿನಲ್ಲಿ ಒಬ್ಬರೇ ಬೇಡ ಅನ್ನೋದು ಎಷ್ಟು ಕಷ್ಟ ಅಂತ ನಮಗೆಲ್ಲ ಗೊತ್ತು. ಆದರೆ ಮೋಹನದಾಸ ಆ ಚೀಟಿಯಲ್ಲಿ ಬೇರೆಯವರನ್ನು ಮುಂದೆ ಮಾಡಲಿಲ್ಲ. ಕತ್ತರಿಸಿದ ಕೈ ತನ್ನದು ಅಂದ.

ದೊಡ್ಡವರಿಗೂ ನನ್ನದೊಂದು ವಿನಂತಿ. ನಾವು ಮಾಡಿದ್ದಕ್ಕೆ ನಾವು ಹೊಣೆ. ಆದರೆ ನಮ್ಮನ್ನು ಕೇಳದೆ ನಮಗೆ ಮಾಡುವುದಕ್ಕೆ ನೀವು ಹೊಣೆ. ಇವತ್ತು ಕಾನೂನಿನ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ವರ್ಷ ಆಗದೆ ಮದುವೆ ಮಾಡುವ ಹಾಗಿಲ್ಲ. ಆದರೂ ಹೆಣ್ಣುಮಕ್ಕಳಿಗೆ ಏಳನೇ ಕ್ಲಾಸು ಸಾಕು ಅನ್ನೋರು ಈಗಲೂ ಇದ್ದಾರೆ. ನಮಗೆ ಎಂಟನೇ ಕ್ಲಾಸಿಗೂ ಹೋಗಬೇಕು. ಹೋಗಲು ಬಿಡೋದು ನಿಮ್ಮ ಹೊಣೆ, ಅಲ್ಲಿ ಕಾಪಿ ಹೊಡೆಯದೆ ಪಾಸಾಗೋದು ನಮ್ಮ ಹೊಣೆ.

ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

– ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ